ನೋಡಾಕ

ವೀಸಾ ಬ್ಯಾಡಂತ, ಅಂದಳು ಶೇವಂತಾ, ಭಿಶಿ ಎತ್ತಿದ ದಿನ.
ಬ್ಯಾಡ ಅಂದದ್ದಷ್ಟ ಕೇಳಿಸಿತು ನಮಗ.
ಆಮ್ಯಾಲ ಬಂತು ಬೇಕಾದ್ದರ ಪಟ್ಟಿ:
ಇನ್ನೂ ಆರು ತಿಂಗಳ ಜೀವ ಇರೂ ಪಾಸ್‌ಪೋರ್ಟ,
ಹೋಗೂ ಟಿಕೀಟಿಗಿಂತ ಮೊದಲ ಬರೂ ಟಿಕೀಟ,
ಮಲಗೂ ಜಾಗಾದ ಚೀಟಿ, ಖರ್ಚಿನ ರೊಕ್ಕ,
ಮೂರು ದಿನದ ಒಳಗ ಮೊಬೈಲಿನ್ಯಾಗ ತುಂಬೂ ಫಾರ್ಮ.
ಬೀಗರ ಮನಿಗೆ ಹೋದರೂ ಇಷ್ಟು ಕೇಳೂದಿಲ್ಲ, ಅಂದಳು ಜೈತೂನ.
ಕೇಳತಾರ, ನಿನ್ನ ಲಗ್ನ ಆಗಿ ಭಾಳ ದಿನ ಆತು, ಅಂದೆ.

ಫಾರ್ಮ ತುಂಬಿದಾಂವ ಪಾರ್ಕ್‌ಸೈಟಿನ ಝೆರಾಕ್ಸ ಹುಡುಗ.
ಉದ್ಯೋಗ? ಅಂದ.
ಭಾಂಡಿ, ಅಂದೆ.
ಬರೀಲಿಲ್ಲ. ಗೃಹಿಣಿ ಅಂತ ಒತ್ತಿದ.
ಆರು ಮನಿ ಗೃಹಿಣಿ ನಾನು, ಅಂದರ
ನಕ್ಕು ಮುಂದಿನ ಖಾನೆಗೆ ಹೋದ.

ಎದ್ದು ಬರೂ ಮುಂದ ಒಂದು ಮಾತು ಹೇಳಿದ:
ಮಲೇಶಿಯಾದಾಗ ಇಳದ ಕೂಡಲೆ
ಎರಡೂ ತೋರುಬೆರಳು ಗಾಜಿನ ಮ್ಯಾಲ ಇಡಸತಾರ ಮೌಶಿ.

ರೇಶನ್ನಿನ ಮಶೀನ ನನ್ನ ಹೆಬ್ಬೆಟ್ಟು ಒಪ್ಪೂದು ಬಿಟ್ಟು ಮೂರು ವರ್ಷ.
ಗೆರಿ ಎಲ್ಲ ಹೋಗ್ಯಾವ.
ಹುಡುಕಿದರ ಸಿಗಬಹುದು, ಪವಾಯಿದಾಗ,
ಇಪ್ಪತ್ತೆರಡನೇ ಮಾಳಿಗಿಯ ಕಡಾಯಿ ತಳದಾಗ.
ಎಂಟು ದಿನ ಕೊಬ್ಬರಿ ಎಣ್ಣಿ ಹಚ್ಚಿ
ಬೆರಳಿಗೆ ಪ್ಲಾಸ್ಟಿಕ ಚೀಲ ಕಟಗೊಂಡು ಮಲಗಿದೆ.
ಮದರಂಗಿ ಏನವ್ವಾ, ಅಂತ ಮಗಳು ನಕ್ಕಳು.

ರಾತ್ರಿ ಹನ್ನೊಂದು. ಸಹಾರ.
ಬಾಗಿಲದಾಗ ಬಂದೂಕಿನ ಹುಡುಗ ಟಿಕೀಟ ನೋಡಿದ, ಮಾರಿ ನೋಡಿದ.
ಇವನ ಮುಂದ ಶೇವಂತಾ ನಡಗಿದಳು, ನಾನಲ್ಲ.
ಸೊಸೈಟಿ ಗೇಟಿನ್ಯಾಗ ನನಗ ದಿನಾ ಇದ:
ಹೆಸರು, ಯಾವ ವಿಂಗು, ಯಾವ ಮನಿ, ಬಂದ ಹೊತ್ತು,
ಕ್ಯಾಮೆರಾಕ್ಕ ಮಾರಿ, ಹೋಗೂ ಮುಂದ ಚೀಲದ ಬಾಯಿ.
ನಿನ್ನಿನ ಕೇಕ ಇದ್ದರ ಮಾಲಕಿನ್ನಳ ಚೀಟಿ ಬೇಕು.
ಹದಿನೇಳು ವರ್ಷ ದಾಟೇನಿ ಆ ಗಡಿ,
ಬ್ಯಾರೆ ಲಿಫ್ಟಿನ್ಯಾಗ.

ಕೌಂಟರಿನ ಸಾಹೇಬ ಹಾಳಿ ತಿರುವಿದ.
ಮಲಕವ್ವ ಬಗಲಿ, ಅಂತ ಒಡದು ಒಡದು ಓದಿದ.
ಹತ್ತನೇತ್ತೆ ಪಾಸಾಗಲಾರದವರಿಗೆ ಒಂದು ಗುರುತು ಹೊಡದಿರತಾರ,
ಅದರ ಮ್ಯಾಲ ನಿಂತಿತು ಅವನ ಬೆರಳು.
ಕೆಲಸಕ್ಕ ಹೊಂಟೀರೇನು?
ಅಲ್ಲ ಸಾಹೇಬ.
ಅಲ್ಲಿ ಯಾರದಾರ?
ಯಾರೂ ಇಲ್ಲ.
ಮತ್ತ ಯಾಕ?

ಝೆರಾಕ್ಸ ಹುಡುಗ ಕಲಿಸಿದ್ದು ಬಾಯಿಗೆ ಬರಲಿಲ್ಲ.
ಇಷ್ಟು ದಿನ ಎಲ್ಲಿಗೆ ಹೋದರೂ ಯಾಕ ಅನ್ನೂದಕ್ಕ
ಒಂದು ಉತ್ತರ ಇತ್ತು ನನ್ನ ಕಡೆ:
ಬಾಣಂತನ. ಮಣ್ಣು. ಪಗಾರ. ದವಾಖಾನಿ.

ನೋಡಾಕ, ಅಂದೆ.
ಏನು ನೋಡಾಕ?
ಇನ್ನೂ ನೋಡಿಲ್ಲಲ್ಲ, ಹೆಂಗ ಹೇಳಲಿ?

ಬರೂ ಟಿಕೀಟ ಕೇಳಿದ.
ನಾಕು ಮಡಿಕಿ ಬಿಚ್ಚಿ ಕೊಟ್ಟೆ.
ತಾನೂ ಒಂದು ಸಲ ಕೊಟ್ಟೀಟಾದರೂ ನಗಲಿಲ್ಲ.
ಠಪ್ಪ.
ಶಿಕ್ಕಾ ಓರಿಯಾಗಿ ಬಿತ್ತು, ಅರ್ಧ ಮಸಿ, ಅರ್ಧ ಹಾಳಿ.

ಮೂವತ್ತು ದಿನ ಇರಬಹುದಂತ ಆ ದೇಶದಾಗ.
ಪವಾಯಿ ಬಾಯಿ ಕೊಟ್ಟದ್ದು ಐದು.
ಆರನೇದಕ್ಕ ಬ್ಯಾರೆ ಹೆಂಗಸು, ಅಂದಾಳ.

ಇಮಾನಕ್ಕ ಇನ್ನೂ ಹೊತ್ತಿತ್ತು.
ಶೇವಂತಾ ಚಪ್ಪಲಿ ಬಿಟ್ಟು ಕುರ್ಚಿ ಮ್ಯಾಲ ಕಾಲು ಮಡಚಿ ನಿದ್ದಿ ಹೋದಳು.
ಆಚೆ ಕತ್ತಲದಾಗ ದೀಪದ ಸಾಲು, ದೊಡ್ಡ ಗಾಜು.
ಯಾರೂ ನೋಡಲಾರದ ಹೊತ್ತು ನೋಡಿ
ತೋರುಬೆರಳು ಒತ್ತಿದೆ, ಎಡದ್ದು, ಬಲದ್ದು.
ಎಣ್ಣಿಯ ಎರಡು ಕಲಿ ಮೂಡಿದವು.
ಗೆರಿ ಅದಾವೋ ಇಲ್ಲೋ ಅಂತ ಬಗ್ಗೂದರಾಗ
ನೀಲಿ ಅಂಗಿಯ ಹುಡುಗಿ
ಒದ್ದಿ ಬಟ್ಟಿ ಹಿಡಕೊಂಡು ಬಂದಳು.

ತಡಿಯವ್ವಾ, ಅಂದೆ, ಒಂದು ಗಳಿಗಿ.
ತಡದಳು.
ಇಬ್ಬರೂ ಬಗ್ಗಿ ನೋಡಿದೆವು.