ಎರಡನೆಯ ಗುಂಡಿ

ಪೀಣ್ಯ ಎರಡನೇ ಹಂತ. ಶೆಡ್ಡಿನೊಳಗೆ ಐದು ಪ್ರೆಸ್ಸು.
ನಾಲ್ಕನೆಯದಕ್ಕೆ ನಾವಿಟ್ಟ ಹೆಸರು ಸೋಮಾರಿ.
ಎರಡು ಹಸಿರು ಗುಂಡಿ ಅದಕ್ಕೆ, ಒಂದಕ್ಕೊಂದು ಮೊಳ ದೂರ,
ಬಲಗೈ ಎಡಗೈ ಎರಡೂ ಒಟ್ಟಿಗೆ ಒತ್ತಬೇಕು,
ಆಗ ಮಾತ್ರ ಇಳಿಯುತ್ತದೆ ಅರವತ್ತು ಟನ್ನಿನ ಏಟು.
ಯಾವ ಊರಿನವನೋ ಅದನ್ನು ಯೋಚಿಸಿದವನು,
ಕೈ ಕಳಕೊಂಡವರನ್ನು ಕಂಡವನೇ ಇರಬೇಕು:
ಎರಡು ಕೈಯೂ ಗುಂಡಿಯ ಮೇಲಿದ್ದರೆ
ಅಚ್ಚಿನ ಬಾಯಲ್ಲಿ ಯಾವ ಕೈಯೂ ಇರುವುದಿಲ್ಲ.
ಇಷ್ಟೇ. ಮಗುವಿಗೂ ತಿಳಿಯುವ ಲೆಕ್ಕ.

ಮಾರ್ಚಿನಲ್ಲಿ ದೊಡ್ಡ ಆರ್ಡರು ಬಂದಾಗ
ಸೂಪರ್‌ವೈಸರ್ ಜಯಸಿಂಹ ಜೇಬಿನಿಂದ ಐದು ರೂಪಾಯಿ ತೆಗೆದು
ಎಡಗುಂಡಿಯ ಸಂದಿಗೆ ತುರುಕಿದ.
ಗುಂಡಿ ಒಳಗೇ ನಿಂತಿತು, ಯಾರೋ ಸದಾ ಒತ್ತಿ ಹಿಡಿದ ಹಾಗೆ.
"ನೋಡ್ರಪ್ಪಾ, ಎಡಗೈ ಈಗ ಫ್ರೀ.
ಒಂದರಲ್ಲಿ ಒತ್ತಿ, ಒಂದರಲ್ಲಿ ತಗಡು ಇಡಿ."
ಒಂಬೈನೂರು ಇದ್ದದ್ದು ಸಾವಿರದ ಮುನ್ನೂರಾಯಿತು.
ಇನ್ಸೆಂಟೀವ್ ಬಂತು. ಸುಳ್ಳೇಕೆ, ನನಗೂ ಬಂತು.
ಆ ದುಡ್ಡಲ್ಲಿ ಹೊಸ ಕುಕ್ಕರ್ ಕೊಂಡೆ,
ಹಳೆಯದರ ಸೇಫ್ಟಿ ವಾಲ್ವ್ ಕೆಟ್ಟು ಭಯವಾಗುತ್ತಿತ್ತು.

ನನ್ನದು ಚೆಕ್ಕಿಂಗ್ ಕೆಲಸ. ಔಷಧಿ ಪೆಟ್ಟಿಗೆಯ ಕೀಲಿ,
ಗಾಯದ ರಿಜಿಸ್ಟರು, ಎರಡೂ ನನ್ನ ಬಳಿ,
ಅಕ್ಷರ ದುಂಡಗಿದೆ ಅಂತ.

ಸುಕಾಂತ ಬಾಲಸೋರ್ ಕಡೆಯವನು. ಬಂದು ಹನ್ನೊಂದು ದಿನ.
ಅವನ ಕನ್ನಡ ಒಟ್ಟು ಮೂರು ಮಾತು:
ಊಟ ಆಯ್ತಾ, ಸಾಕು, ಅಕ್ಕ.
ಆ ಮಧ್ಯಾಹ್ನ ಮೂರನೆಯದನ್ನು ಮಾತ್ರ ಅಂದ,
ತುಂಬ ಮೆಲ್ಲಗೆ.
ಟಿಫನ್ ಡಬ್ಬಿಯಲ್ಲಿ ಐಸು, ಐಸಿನಲ್ಲಿ ಎರಡು ಬೆರಳು,
ಮಡಿಲಲ್ಲಿ ಡಬ್ಬಿ ಹಿಡಿದು ಆಟೋದಲ್ಲಿ ಕೂತೆ.
ಗೊರಗುಂಟೆಪಾಳ್ಯದ ಸಿಗ್ನಲ್ಲು ಬಿಡಲೇ ಇಲ್ಲ.

ಸಂಜೆ ಜಯಸಿಂಹ ರಿಜಿಸ್ಟರು ಮುಂದಿಟ್ಟ.
"ಬರೀರಿ ಹೊನ್ನಗಂಗಮ್ಮ. ಕಾರಣ: ಸ್ವಂತ ಅಜಾಗರೂಕತೆ."
ಬರೆದೆ.
ದುಂಡಗೇ ಬರೆದೆ.

ಬಿದ್ದವರನ್ನು ಎತ್ತಲು ಕೈ ಕೊಡುತ್ತೇವೆ,
ನಂಬಿದವರಿಗೂ ಕೈ ಕೊಡುತ್ತೇವೆ, ಮಾತು ಒಂದೇ.
ಅವತ್ತು ನಾನು ಕೊಟ್ಟದ್ದು ಯಾವುದು ಅಂತ ಕೇಳಬೇಡಿ.

ಮರುದಿನ ಅದೇ ಸ್ಟೂಲಿನ ಮೇಲೆ ಬೇರೆ ಹುಡುಗ.
ಪ್ರೆಸ್ಸು ತೊಳೆದಿದ್ದರು.
ನಾಣ್ಯವನ್ನೂ ಒರೆಸಿ ಮತ್ತೆ ಅಲ್ಲೇ ತುರುಕಿದ್ದರು.

ಆ ರಾತ್ರಿ ಲಗ್ಗೆರೆಯ ಮನೆಯಲ್ಲಿ
ಮಗಳ ಗಣಿತದ ಪುಸ್ತಕದಿಂದ ನಡುಹಾಳೆ ಕಿತ್ತು
ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಬರೆಯಲು ಕೂತೆ.
'ಮಾನ್ಯರೆ' ಅನ್ನುವುದಕ್ಕೇ ಹತ್ತು ನಿಮಿಷ.
ಪ್ರೆಸ್ಸಿನ ನಂಬರು. ಗುಂಡಿ ಯಾವುದು. ನಾಣ್ಯ ಎಷ್ಟರದು. ತಾರೀಖು.
ಅಯ್ಯೋ ಅನ್ನುವ ಮಾತು ಒಂದೂ ಹಾಕಲಿಲ್ಲ.
ಹೆಸರು ಬೇಡ ಕಣೇ ಅಂದ ಗಂಡ.
ಹೆಸರು ಬಿಟ್ಟರೆ ಅಕ್ಷರ ಬಿಡುತ್ತದೆಯೇ,
ಹನ್ನೆರಡು ವರ್ಷದ ರಿಜಿಸ್ಟರು ಅವರ ಬೀರುವಿನಲ್ಲಿದೆ.
ಸಹಿ ಹಾಕಿದೆ. ಸಹಿಯ ಕೆಳಗೆ ಇನ್ನೊಂದು ಸಾಲು:
ಪುಟ ನಲವತ್ತೊಂದರಲ್ಲಿ ಇರುವುದು ಸುಳ್ಳು. ಬರೆದವಳು ನಾನೇ.

ತಿಂಗಳ ಮೇಲೆ ಜೀಪು ಬಂತು.
ಜೀಪಿಗಿಂತ ಮುಂಚೆ ಫೋನು ಬಂದಿತ್ತು,
ನಾಣ್ಯ ಕಿತ್ತು ಎಸೆದಿದ್ದರು, ನೆಲ ಗುಡಿಸಿತ್ತು.
ಆ ಹೆಂಗಸು ಏನೂ ಕೇಳಲಿಲ್ಲ.
ಎಡಗುಂಡಿಯ ಅಂಚಿನ ಗೀರಿನ ಮೇಲೆ
ಉಗುರು ಆಡಿಸಿದಳು, ಒಂದು ಸಲ, ಇನ್ನೊಂದು ಸಲ,
ಏನೋ ಬರೆದುಕೊಂಡು ಹೋದಳು.

ಈಗ ಸೋಮಾರಿ ಮತ್ತೆ ಎರಡು ಕೈ ಕೇಳುತ್ತದೆ.
ಎಣಿಕೆ ಒಂಬೈನೂರು. ಇನ್ಸೆಂಟೀವ್ ಇಲ್ಲ.
ನನ್ನನ್ನು ಪ್ಯಾಕಿಂಗಿಗೆ ಹಾಕಿದ್ದಾರೆ.
ಊಟದ ಹೊತ್ತು ಪಕ್ಕದ ಜಾಗ ಖಾಲಿ.
ಮುನಿತಾಯಮ್ಮ ಒಬ್ಬಳು ಮೊನ್ನೆ ಎದುರು ನಿಂತು
"ನಿನ್ನ ಬಾಯಿಗೆ ಮಣ್ಣು ಹಾಕ, ನನ್ನ ಮಗನ ಫೀಸು ತಿಂದೆಯಲ್ಲೇ" ಅಂದಳು.
ಅಂದು, ಕೂತು,
ಉಪ್ಪಿನಕಾಯಿ ಡಬ್ಬಿ ನನ್ನ ಕಡೆ ದೂಡಿದಳು.

ಬಸ್ಸಿನಲ್ಲಿ ಕಂಡಕ್ಟರ್ ಉಚಿತ ಟಿಕೆಟ್ ಕೊಡುತ್ತಾನೆ.
ಪರ್ಸಿನ ಒಳಜಿಪ್ಪಿನಲ್ಲಿ ಐದು ರೂಪಾಯಿ ಇದೆ,
ಕಸದ ಬುಟ್ಟಿಯಿಂದ ಆರಿಸಿಕೊಂಡದ್ದು, ಒಂದು ಅಂಚು ಸವೆದದ್ದು.
ಯಾವ ಅಂಗಡಿಯಲ್ಲೂ ನಡೆಯುತ್ತದೆ.
ನನ್ನ ಕೈಯಿಂದ ಮಾತ್ರ ಇನ್ನೂ ದಾಟಿಲ್ಲ.

ಒಮ್ಮೊಮ್ಮೆ ಊರಿನಿಂದ ಸುಕಾಂತನ ಫೋನು,
ಎಡಗೈಯಲ್ಲಿ ಹೇಗೆ ಹಿಡಿಯುತ್ತಾನೋ, ಕೇಳಿಲ್ಲ.
"ಅಕ್ಕ, ಊಟ ಆಯ್ತಾ?"
ಇನ್ನೂ ಇಲ್ಲ ಕಣೋ,
ಗೊರಗುಂಟೆಪಾಳ್ಯದಲ್ಲಿದ್ದೀನಿ.
ಸಿಗ್ನಲ್ಲು ಬಿಟ್ಟಿಲ್ಲ.