ಕಿವಿ ಪರೀಕ್ಷೆ, ಅತ್ತಾವರ

ಹನ್ನೊಂದು ವರ್ಷದಿಂದ ಈ ಪೆಟ್ಟಿಗೆಯ ಹೊರಗೆ ನನ್ನ ಕುರ್ಚಿ.
ಒಳಗೆ ಕೂತವರು ಗಾಜಿನಾಚೆ ಬೆರಳೆತ್ತುತ್ತಾರೆ:
ಕೇಳಿಸಿತು.
ಎತ್ತದಿದ್ದರೆ ಕಾಗದದಲ್ಲಿ ನಾನು
ಇನ್ನೊಂದು ಮೆಟ್ಟಿಲು ಕೆಳಗಿಳಿಯುತ್ತೇನೆ.
ಬಂದರಿನಲ್ಲಿ ಹರಾಜು ಕೂಗುವವರು,
ಹಂಚಿನ ಕಾರ್ಖಾನೆಯಲ್ಲಿ ಕಿವಿ ಸವೆಸಿಕೊಂಡವರು,
ಪಟಾಕಿಯ ಮಕ್ಕಳು.

ಆ ಮಂಗಳವಾರ ಸೆಲೆಸ್ತಿನ್ ಮೋಗೋ.
ಡಯಾಲಿಸಿಸ್ ಕೋರ್ಸು, ಎರಡನೇ ವರ್ಷ.
ತಣ್ಣೀರುಬಾವಿಯಲ್ಲಿ ಈಜಿ ಬಂದ ಮೇಲೆ ಎಡಗಿವಿಯಲ್ಲಿ ಶಿಳ್ಳೆ.
ಊರು ಕ್ಯಾಮರೂನು. ಮಾತು
ಫ್ರೆಂಚು ಅಂತ ಬರೆದುಕೊಂಡಿದ್ದೆ, ಹೊಡೆದುಹಾಕಿಸಿದ.
ಮಂಬಿಲ.

ಬೆರಳು ಎಲ್ಲ ಕಡೆಯೂ ಎದ್ದಿತು. ಕಿವಿ ಸರಿ ಉಂಟು.
ಹೊರಗೆ ಬಂದು ಕುಂಟು ಇಂಗ್ಲಿಷಿನಲ್ಲಿ ಕೇಳಿದ:
ನಿಮ್ಮ ಯಂತ್ರ ಇಷ್ಟು ಹೊತ್ತು
ನಮ್ಮ ಮಾತಿನ ಮಾಂಸ ತೆಗೆದು
ಬರೀ ಎಲುಬು ಬಡಿಸಿತಲ್ಲ?

ಒಂದೇ ಅಕ್ಷರವನ್ನು ನಾಲ್ಕು ಎತ್ತರದಲ್ಲಿ ಇಟ್ಟು ತೋರಿಸಿದ.
ನಾಲ್ಕೂ ಬೇರೆ ಬೇರೆ ಪದವಂತೆ.
ನನಗೆ ಕೇಳಿಸಿದ್ದು ಒಬ್ಬನೇ ಹುಡುಗ ಮೆಟ್ಟಿಲು ಹತ್ತಿದ್ದು.
ಇನ್ನೊಮ್ಮೆ ಅಂದೆ. ಇನ್ನೊಮ್ಮೆ.
ಬೆರಳೆತ್ತಲು ನನ್ನಿಂದ ಆಗಲಿಲ್ಲ.

ಮತ್ತೊಂದು ವ್ಯಂಜನ: ಗಂಟಲಿನ ಬಾಗಿಲು, ತುಟಿಯ ಬಾಗಿಲು
ಒಟ್ಟಿಗೆ ಮುಚ್ಚಿ ಒಟ್ಟಿಗೆ ತೆರೆಯಬೇಕು.
ನಮ್ಮ ಲಿಪಿಯಲ್ಲಿ ಬರೆದು ಕೊಟ್ಟೆ, ಕ್ಪ,
‘ಕ’ದ ಕಾಲಿಗೆ ‘ಪ’ ಜೋತುಬಿದ್ದಿದೆ.
ಚೆಂದ ಉಂಟು ಅಂದ, ಆದರೆ ನೀವು ಓದುವಾಗ
ಒಬ್ಬ ಒಳಗೆ ಬಂದ ಮೇಲೆ ಇನ್ನೊಬ್ಬ ಬರುತ್ತಾನೆ;
ನಮ್ಮಲ್ಲಿ ಇಬ್ಬರೂ ಒಂದೇ ಹೊಸ್ತಿಲಲ್ಲಿ ಸಿಕ್ಕಿಬಿದ್ದಿರುತ್ತಾರೆ.

ಎಷ್ಟು ಜನ ಆಡುತ್ತಾರೆ ಅಂತ ಕೇಳಬಾರದಿತ್ತು.
ಯಾವುದನ್ನು? ಅಂದ.
ಗುಡ್ಡದ ಮೇಲಿನವರದ್ದು ಒಂದು, ಬಯಲಿನವರದ್ದು ಒಂದು,
ಗಡಿಯಾಚೆ ಚಹಾ ತೋಟದ ಕಡೆಯವರು ಮಾತಾಡಿದರೆ
ತಮ್ಮಂದಿರು ನಗುತ್ತಾರೆ, ಅಜ್ಜಿ ಅರ್ಧ ಹಿಡಿಯುತ್ತಾಳೆ.
ಹೊರಗಿನವರು ಎಲ್ಲಕ್ಕೂ ಸೇರಿಸಿ ಒಂದು ಹೆಸರು ಹೊಲಿದರು.
ಬೇರೆ ಊರಿಂದ ಮದುವೆಯಾಗಿ ಬಂದ ಅವನ ತಾಯಿ
ಮೂವತ್ತು ವರ್ಷದ ಮೇಲೂ
ಸಿಟ್ಟು ಬಂದರೆ ತವರಿನ ಎತ್ತರಕ್ಕೇ ಹಾರುತ್ತಾಳೆ.

ಹೇಳಲೇ ಅಂತ ಯೋಚಿಸಿದೆ:
ನಮ್ಮ ತುಳುವಿನಲ್ಲೂ ತಲೆಗೆ ತರೆ, ಸರೆ, ಹರೆ.
ಅಜ್ಜನ ಕಾಲದಲ್ಲಿ ಬಾಯಿಬಿಟ್ಟರೆ ಸಾಕಿತ್ತು,
ಜಗಲಿಗೋ ಅಂಗಳಕ್ಕೋ ತೀರ್ಮಾನವಾಗುತ್ತಿತ್ತು.
ಅಂಗಳದಲ್ಲಿ ನಿಂತ ಹರೆ ನಮ್ಮದು.
ಹೇಳಲಿಲ್ಲ.
ಬದಲಿಗೆ ‘ಬತ್ತೆ’ ಅಂದೆ. ಎರಡು ಸಲ.

ಬಾಯಿ ಕೊಂಚ ಅಗಲಿಸಿದರೆ ನಾನು ಬಂದೆ,
ಬಿಗಿದರೆ ಅವನು ಬಂದ.
ಕನ್ನಡದ ‘ಎ’ ಎರಡಕ್ಕೂ ಒಂದೇ ಅಂಗಿ ತೊಡಿಸುತ್ತದೆ.
ಶಿವಮೊಗ್ಗದ ಮೇಡಂ ಮೂರು ವರ್ಷ ಪಕ್ಕದಲ್ಲೇ ಕೂತು ಹಿಡಿಯದ್ದನ್ನು
ಇವನು ಮೊದಲ ಸಲಕ್ಕೇ ಹಿಡಿದ. ಬೆರಳೆತ್ತಿ,
ಇದು ನೀವು, ಅಂದ. ಇದು ಅವನು.

ಸಂಜೆ ಅಮ್ಮನ ಫೋನು. ಹಲ್ಲಿನ ಸೆಟ್ಟು ತೆಗೆದಿಟ್ಟ ಬಾಯಿ,
ಹಿಂದೆ ತೊಕ್ಕೊಟ್ಟಿನ ಬಸ್ಸಿನ ಹಾರ್ನು.
ಬತ್ತೆ, ಅಂದಳು. ಇಟ್ಟಳು.
ರೇಷನ್ನಿಗೆ ಹೋದವಳು ತಿರುಗಿ ಮನೆ ಮುಟ್ಟಿದಳೋ,
ಏಳು ತಿಂಗಳಿಂದ ಸುಳಿವಿಲ್ಲದ ತಮ್ಮ ರುಕ್ಮಯ
ಬಂದು ಚಾವಡಿಯಲ್ಲಿ ಕೂತಿದ್ದಾನೋ.
ಮತ್ತೆ ಮಾಡಿದರೆ ಎತ್ತಲಿಲ್ಲ.
ಬಸ್ಸಿನ ಕಂಬ ಹಿಡಿದು ನೇತ್ರಾವತಿ ಸಂಕ ದಾಟುವಷ್ಟು ಹೊತ್ತೂ
ಆ ಒಂದು ಸ್ವರವನ್ನು ಬಾಯೊಳಗೆ
ಅಗಲಿಸಿ ನೋಡಿದೆ, ಬಿಗಿದು ನೋಡಿದೆ.

ಅವನು ಬರೆದಿಟ್ಟ ಕಾಗದ ಈಗಲೂ ಫಲಕದಲ್ಲಿ ಉಂಟು:
ಖಾಲಿ ನಕ್ಷೆಯ ಗೆರೆಗಳ ಮೇಲೆ ಮೂರು ಕೆಂಪು ಸೊನ್ನೆ,
ಒಂದು ತಗ್ಗಿನಲ್ಲಿ, ಎರಡು ಮೇಲೆ.
ತಾಯಿಯ ಹೆಸರು, ಅಕ್ಷರ ಬಿಟ್ಟು.
ದೊಡ್ಡ ಡಾಕ್ಟರು ಕನ್ನಡಕ ಏರಿಸಿದರು.
ಬಲಗಿವಿಯಾ? ಯಾರದ್ದು ಮಾರಾಯ್ತಿ, ಇಷ್ಟು ಏರುಪೇರು?
ನಮ್ಮ ಪೇಷಂಟ್ ಅಲ್ಲ ಸರ್, ಅಂದೆ.
ಹೆಂಗಸು. ನೈಜೀರಿಯಾ ಗಡಿಯ ಹತ್ತಿರ ಮನೆ.