ನಡುವಿನ ತಾಸು

ಶಾರ್ಜಾದ ರೋಲಾ. ಏಳು ಮಹಡಿಯ ಹಳೆ ಕಟ್ಟಡ.
ತಾರಸಿಯಲ್ಲಿ ನಾಲ್ಕು ನೀರಿನ ಟಾಕಿ,
ತುಕ್ಕು ಹಿಡಿದ ಡಿಶ್ಶುಗಳೆಲ್ಲ ಒಂದೇ ಕಡೆ ಬಾಯ್ತೆರೆದು ಕೂತಿವೆ
ಗುಟುಕಿಗೆ ಕಾದ ಮರಿಗಳಂತೆ.

ವಾಚ್‌ಮನ್ ಚೆಯ್ಯಬ್ಬ ಪಡುವಣಕ್ಕೆ ತಿರುಗಿ
ಸುಬಹಿ ನಮಾಜು ಮುಗಿಸುತ್ತಾರೆ.
ನನ್ನ ಸೂರ್ಯ ಹುಟ್ಟಲು ಇನ್ನೂ ಒಂದು ತಾಸಿದೆ.
ಆ ತಾಸು ದೊಣ್ಣೆಯದು.

ದೊಣ್ಣೆ ಅಂದರೆ ನೆಲ ಒರೆಸುವ ಕೋಲು,
ಚಿಂದಿ ಬಿಚ್ಚಿಟ್ಟದ್ದು. ಫಿನಾಯಿಲಿನ ವಾಸನೆ ಇನ್ನೂ ಹೋಗಿಲ್ಲ.
ಉಳ್ಳಾಲದ ತಾಲೀಮಿನಲ್ಲಿ ಅಜ್ಜ ಕಲಿಸಿದ ಹದಿನೆಂಟು ವರಸೆಗಳಲ್ಲಿ
ಹನ್ನೊಂದು ನೆನಪಿವೆ ಅವರಿಗೆ.
ಉಳಿದವು ಮೊಣಕಾಲಿನಲ್ಲಿ ಎಲ್ಲೋ ಇವೆಯಂತೆ,
ನೋವು ಬಂದಾಗ ಒಂದೊಂದೇ ಹೊರಗಿಣುಕುತ್ತವೆ.

ನಾನು ಫಕೀರಪ್ಪ, ರೋಣದ ಕಡೆಯವನು.
ಎಸಿ ಡಕ್ಟಿನೊಳಗೆ ಹೊಟ್ಟೆಯ ಮೇಲೆ ತೆವಳುವುದು ಕೆಲಸ.
ಹೋದ ವರ್ಷ ಕ್ಲಿನಿಕ್ಕಿನ ಡಾಕ್ಟರು ಚೀಟಿ ತೋರಿಸಿದರು:
ಸಕ್ಕರೆ ಮುನ್ನೂರ ಹನ್ನೆರಡು.
"ಹೆಸರು ಫಕೀರ, ರಕ್ತದಲ್ಲಿ ಮಾತ್ರ ಸಾಹುಕಾರ ಮಾರಾಯ"
ಅಂತ ನಕ್ಕವರು ಚೆಯ್ಯಬ್ಬ.
ಮರುದಿನ ನಸುಕಿನಲ್ಲಿ ಬಾಗಿಲು ಬಡಿದವರೂ ಅವರೇ.

ಮೊದಲ ತಿಂಗಳು ಕೋಲು ಕೊಡಲಿಲ್ಲ.
ನಿಲ್ಲು ಅಂದರು. ಅಷ್ಟೆ. ನಿಂತೆ.
ಹದಿಮೂರು ವರ್ಷ ಈ ಊರಲ್ಲಿ ಬಸ್ಸಿಗೆ, ಪಂಚಿಂಗಿಗೆ,
ದುಡ್ಡು ಕಳಿಸುವ ಕಿಟಕಿಗೆ ನಿಂತವನಿಗೆ
ನಿಲ್ಲಲು ಬರುವುದಿಲ್ಲ ಅಂತ ಅವತ್ತು ತಿಳಿಯಿತು.
ಭಾರವೆಲ್ಲ ಎಡ ಹಿಮ್ಮಡಿಗೆ,
ಉಸಿರು ಕಾಲರಿನ ಗುಂಡಿಯಿಂದ ಕೆಳಗಿಳಿಯದು.

ಉಸಿರು ನನ್ನ ಪಾಲಿನ ಆಸ್ತಿ.
ಗರಡಿಮನೆಯ ಪಕ್ಕ, ಮಠದ ಅಯ್ಯನವರು ಹುಡುಗರಿಗೆ ಹೇಳುತ್ತಿದ್ದರು:
ಒಳಗೆ ನಾಲ್ಕು, ಹೊರಗೆ ಎಂಟು,
ನಡುವಿನದನ್ನು ಎಣಿಸಬ್ಯಾಡ, ಅದು ನಿಂದಲ್ಲ.
ಅದನ್ನು ಚೆಯ್ಯಬ್ಬರಿಗೆ ಕೊಟ್ಟೆ.
ತಸ್ಬಿಯ ಮಣಿಯಲ್ಲಿ ಅಳೆದು ನೋಡಿ
"ಲೆಕ್ಕ ಸರಿ ಉಂಟು" ಅಂದರು.

ಊಟದ್ದೇ ಜಗಳ.
ರೂಮಿನಲ್ಲಿ ಆರು ಜನ, ಒಂದು ಒಲೆ,
ರಾತ್ರಿ ಹನ್ನೊಂದಕ್ಕೆ ಖುಬ್ಬೂಸು, ಆಲೂಗಡ್ಡೆ, ಹಸಿರು ಬಾಟಲಿಯ ಸೋಡ.
ಈಗ ಹಳೆಯ ಹೆಲ್ಮೆಟ್ಟಿನೊಳಗೆ ಒದ್ದೆ ಬಟ್ಟೆ ಹಾಸಿ
ಹೆಸರುಕಾಳು ಮೊಳಕೆ ಬರಿಸುತ್ತೇನೆ.
ಲಬನ್ನಿಗೆ ಉಪ್ಪು ಜೀರಿಗೆ ಬಿದ್ದರೆ ಥೇಟು ಮಜ್ಜಿಗೆ.
ಖರ್ಜೂರ ದಿನಕ್ಕೆ ಒಂದು, ಅದರಲ್ಲೂ ಅರ್ಧ ಚೆಯ್ಯಬ್ಬರಿಗೆ.
ಜೋಳದ ಹಿಟ್ಟಿನ ಅಂಗಡಿ ಗೊತ್ತು; ದರ ಕೇಳಿ ಹೊರಬಂದೆ.
ಪೇಶಾವರದ ಗುಲ್‌ಜಮಾನ್ ಹೆಲ್ಮೆಟ್ಟು ಇಣುಕಿ ಕೇಳಿದ,
ಕೋಳಿ ಸಾಕಿದ್ದೀಯಾ?
ಈಗ ಅವನಿಗೂ ಒಂದು ಹಿಡಿ ಎತ್ತಿಡಬೇಕು.

ಸಕ್ಕರೆ ನೂರ ಎಪ್ಪತ್ತಕ್ಕೆ ಬಂದಿದೆ.
ಮಾತ್ರೆ ಬಿಟ್ಟಿಲ್ಲ. ಬಿಡು ಅಂತ ಅವರು ಹೇಳಿಯೂ ಇಲ್ಲ.

ಮೇ ತಿಂಗಳು, ಮೂವತ್ತೊಂದನೇ ಮಹಡಿ.
ಫೋರ್‌ಮನ್ ನನ್ನ ಅವ್ವನನ್ನು ಎಳೆತಂದು ಬೈದ.
ಕೈಯಲ್ಲಿ ಎರಡಡಿಯ ಸ್ಪ್ಯಾನರ್ ಇತ್ತು.
ಒಂಬತ್ತನೇ ವರಸೆ ಕರೆಯದೆಯೇ ಭುಜಕ್ಕೆ ಬಂತು.
ಒಳಗೆ ನಾಲ್ಕು.
ಹೊರಗೆ ಎಂಟು.
ಅವನು ಬೈದು ಮುಗಿಸಿ ಹೋದ. ನಾನು ನಟ್ಟು ಬಿಗಿದೆ.

"ಅದು ಯೋಗವೋ, ಪುಕ್ಕಲುತನವೋ?"
ಮರುದಿನ ಕೇಳಿದೆ.
ಚೆಯ್ಯಬ್ಬ ಬಹಳ ಹೊತ್ತು ಟಾಕಿಗೆ ನೀರು ಬೀಳುವ ಸದ್ದು ಆಲಿಸಿದರು.
"ಮೂವತ್ತೆಂಟು ವರ್ಷ ಆಯ್ತು ದೊಣ್ಣೆ ಹಿಡಿದು.
ಯಾರಿಗೂ ಹೊಡೆದಿಲ್ಲ ನಾನು.
ನನಗೂ ಗೊತ್ತಿಲ್ಲ ಮಾರಾಯ."

ಅಷ್ಟರಲ್ಲಿ ಧೂಳಿನೊಳಗಿಂದ ತಾಮ್ರದ ತಟ್ಟೆ ಎದ್ದಿತು.
ರಟ್ಟಿನ ಡಬ್ಬಿ ಬಿಡಿಸಿ ಹಾಸಿ ಮೂಡಣಕ್ಕೆ ಬಾಗಿದೆ,
ಎದೆ, ಗದ್ದ, ಕೊನೆಗೆ ಹಣೆ.
ರಟ್ಟು ಸಾಲದೆ ಹಣೆ ಸಿಮೆಂಟಿಗೆ ತಾಗುತ್ತದೆ,
ಅವರ ಹಣೆ ತಾಗಿದ್ದ ಆಸುಪಾಸಿನಲ್ಲೇ.
ನಿನ್ನೆಯ ಬಿಸಿಲು ಇನ್ನೂ ಆರಿಲ್ಲ ಅದರಲ್ಲಿ.

ಹನ್ನೆರಡು ಮುಗಿಸಿ ಎದ್ದಾಗ
ಅವರು ದೊಣ್ಣೆಗೆ ಮತ್ತೆ ಚಿಂದಿ ಕಟ್ಟಿ ಬಕೆಟ್ಟು ಎತ್ತಿಕೊಂಡಾಗಿತ್ತು.
ಏಳನೇ ಮಹಡಿಯಿಂದ ಮೆಟ್ಟಿಲು ಒರೆಸುತ್ತ ಇಳಿಯುತ್ತಾರೆ,
ಹಿಮ್ಮುಖವಾಗಿ,
ಮೊಣಕಾಲು ತುಸು ಮಡಿಸಿ,
ಒಂದು ವರಸೆಯೂ ತಪ್ಪದೆ.